ದಿಂಬದ ಎರಡು ಇಳಿಜಾರು: ತಾಳವಾಡಿ ಸೀಮೆಯ ಸೈಕಲ್ ದಾರಿಗಳು

ದಿಂಬದ ಘಟ್ಟದ ನೆತ್ತಿಯಲ್ಲಿ ಸುರಿದ ಮಳೆ ಎರಡು ಪಾಲಾಗುತ್ತದೆ. ಬಡಗಣಕ್ಕೆ ಹರಿದದ್ದು ಕಾಡಿನ ಹಳ್ಳಗಳನ್ನು ಸೇರಿ, ಸುವರ್ಣಾವತಿ ಹೊಳೆಯಾಗಿ, ಚಾಮರಾಜನಗರ, ಯಳಂದೂರು ಸೀಮೆ ದಾಟಿ ಕೊಳ್ಳೇಗಾಲದ ಬಳಿ ಕಾವೇರಿಗೆ ಕೂಡುತ್ತದೆ. ತೆಂಕಣಕ್ಕೆ ಇಳಿದದ್ದು ಮೋಯಾರಿಗೆ ಬಿದ್ದು, ಭವಾನಿಸಾಗರದಲ್ಲಿ ಭವಾನಿ ಹೊಳೆಯೊಂದಿಗೆ ಬೆರೆತು, ಬಯಲಿಗೆ ನಡೆಯುತ್ತದೆ. ಶಿವನಸಮುದ್ರ, ಮೇಕೆದಾಟು, ಹೊಗೇನಕಲ್ಲು, ಮೆಟ್ಟೂರು ಇಷ್ಟನ್ನೂ ಸುತ್ತಿ ಬಂದ ಮೊದಲ ಪಾಲು, ಎರಡನೆಯ ಪಾಲನ್ನು ಮತ್ತೆ ಕಾಣುವುದು ಭವಾನಿ ಪಟ್ಟಣದ ಕೂಡಲಿಯಲ್ಲಿ. ಹೀಗೆ ಎರಡು ನೀರು ಬಳಸಿ ಹೋಗುವ ಎತ್ತರದ ನೆಲವೇ ತಾಳವಾಡಿ ಸೀಮೆ. ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆ, ನೆಲದ ಲಕ್ಷಣಕ್ಕೆ ಮೈಸೂರು ಪ್ರಸ್ಥಭೂಮಿ, ಮನೆಮಾತಿಗೆ ಬಹುಪಾಲು ಕನ್ನಡ.

ಹೊಳೆಯ ಜಾಡು ಹಿಡಿದು ಸೈಕಲ್ ಮೇಲೆ ಊರೂರು ಸುತ್ತುವ ಆಸೆ ಈಗ ನಮ್ಮಲ್ಲೂ ಚಿಗುರಿದೆ. ಮೈಸೂರು, ಬೆಂಗಳೂರು, ಕೊಯಮತ್ತೂರುಗಳಿಂದ ಶನಿವಾರ ಬೆಳಗಾದರೆ ಹೊರಡುವ ಸವಾರರಿದ್ದಾರೆ. ಅವರಿಗೆಲ್ಲ ಮಾದರಿಯಾಗಿ ಕಾಣುವುದು ಪರದೇಶದ ದಾರಿಗಳು. ಜರ್ಮನಿಯ ಪಾಸೌದಿಂದ ವಿಯೆನ್ನಾವರೆಗಿನ ಡ್ಯಾನ್ಯೂಬ್ ದಾರಿ, ಫ್ರಾನ್ಸಿನಲ್ಲಿ ಲ್ವಾರ್ ನದಿಯ ಗುಂಟ ಸುಮಾರು 900 ಕಿಲೋಮೀಟರ್ ಸಾಗುವ ದಾರಿ, ದಕ್ಷಿಣ ಕೊರಿಯಾದಲ್ಲಿ 2012ರಲ್ಲಿ ತೆರೆದ, ಇಂಚಾನ್‌ನಿಂದ ಬುಸಾನ್‌ವರೆಗಿನ 633 ಕಿಲೋಮೀಟರ್ ದಾರಿ. ಯುರೋಪಿನಲ್ಲಿ ಇವು ಸಾಧ್ಯವಾದದ್ದಕ್ಕೆ ಒಂದು ಹಳೆಯ ಕಾರಣವಿದೆ. ಅಲ್ಲಿನ ನದಿಗಳಲ್ಲಿ ಸರಕಿನ ದೋಣಿ ಓಡುತ್ತಿದ್ದವು. ಪ್ರವಾಹಕ್ಕೆ ಎದುರಾಗಿ ದೋಣಿ ಎಳೆಯಲು ದಡದಲ್ಲಿ ಕುದುರೆ ನಡೆಯಬೇಕಿತ್ತು, ಕುದುರೆಗಾಗಿ ಸಮತಟ್ಟಾದ ಹಾದಿ ಮಾಡಿದರು. ದೋಣಿಗೆ ಯಂತ್ರ ಬಂದ ಮೇಲೆ ಹಾದಿ ಖಾಲಿ ಉಳಿಯಿತು, ಅದರ ಮೇಲೆ ಸೈಕಲ್ ಬಂತು. ನಮ್ಮ ಈ ಹೊಳೆಗಳಲ್ಲಿ ಸರಕಿನ ದೋಣಿ ಓಡಲಿಲ್ಲ. ಬಂಡೆ, ಮಡು, ಕಡಿದಾದ ಕಂದರ; ಮಳೆಗಾಲದಲ್ಲಿ ಉಕ್ಕು, ಬೇಸಿಗೆಯಲ್ಲಿ ಮರಳು. ದಡಕ್ಕೆ ಬರುವವರು ದನ ಕಾಯುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಆಮೇಲೆ ಆನೆ. ಆದ್ದರಿಂದ ತಾಳವಾಡಿಯಲ್ಲಿ ನೀರು ಕಾಣುವ ಹಾಗೆ ದಡದಲ್ಲೇ ಒಂದು ದಾರಿ ಹಾಸಬೇಕೆನ್ನುವುದು ಸಲ್ಲದ ಹಂಬಲ. ಇಲ್ಲಿ ಕಣಿವೆಯ ಸವಾರಿ ಎಂದರೆ ಮನುಷ್ಯರು ಉಳುಮೆ ಮಾಡಿಕೊಂಡು ಬದುಕುವ ಕಣಿವೆಯ ಸವಾರಿ. ಕಾಡಿನ ಕಣಿವೆಯನ್ನು ಅದರ ಪಾಡಿಗೆ ಬಿಡಬೇಕು. ಈ ಬರಹದಲ್ಲಿ ದಾರಿಗಳನ್ನು ಒಂದೊಂದಾಗಿ ತೂಗಿ ನೋಡಿರುವುದು ಈ ನಂಬಿಕೆಯಿಂದ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡು ಬೇರೆ ಜಿಲ್ಲೆಯಾಯಿತು. ಈಗ ತಾಳವಾಡಿಯೇ ಒಂದು ತಾಲೂಕು. ಆದರೆ ತಾಲೂಕಿನವರು ಸಂತೆ, ಆಸ್ಪತ್ರೆ, ನೆಂಟಸ್ತನ ಎಂದು ಹೋಗುವುದು ಹೆಚ್ಚಾಗಿ ಚಾಮರಾಜನಗರಕ್ಕೆ. ಜಿಲ್ಲಾ ಕೇಂದ್ರಕ್ಕೆ ಹೋಗಲು ಘಟ್ಟ ಇಳಿಯಬೇಕು, ಅದೂ ದೊಡ್ಡ ರಸ್ತೆ ಹಿಡಿದರೆ ಮೊದಲು ಕರ್ನಾಟಕಕ್ಕೆ ಬಂದು, ಮತ್ತೆ ತಮಿಳುನಾಡಿಗೆ ಹೊಕ್ಕು. ಸೈಕಲ್ ಸವಾರನಿಗೆ ಈ ಗಡಿ ಕಾಣಿಸುವುದು ಡಾಂಬರಿನ ಬಣ್ಣದಲ್ಲಿ, ಬಸ್ಸಿನ ಹಣೆಬರಹದಲ್ಲಿ. ಮಾತಿನಲ್ಲಿ ಕಾಣಿಸುವುದಿಲ್ಲ.

ಶುರು ಮಾಡುವುದಾದರೆ ಚಾಮರಾಜನಗರದಿಂದಲೇ ಮಾಡಬೇಕು. ಮೈಸೂರಿನಿಂದ ನಂಜನಗೂಡಿನ ಮೇಲೆ ಬರುವ ರೈಲು ಅಲ್ಲಿಗೆ ನಿಲ್ಲುತ್ತದೆ. ಅಲ್ಲಿಂದ ಸತ್ಯಮಂಗಲದ ಕಡೆಗೆ ಹಳಿ ಹಾಕುವ ಯೋಜನೆ ಬಹಳ ಕಾಲ ಕಾಗದದ ಮೇಲೆ ಓಡಾಡಿ, ಕಾಡಿನ ಕಾರಣಕ್ಕೆ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಪಟ್ಟಣ ಬಿಟ್ಟು ತೆಂಕಲಿಗೆ ತಿರುಗಿದರೆ ಚಿಕ್ಕಹೊಳೆಯ ಕಡೆ ರಸ್ತೆ. ತಾಳವಾಡಿಗೆ ಸುಮಾರು 25 ಕಿಲೋಮೀಟರ್. ಏರು ಇದೆಯೆಂದು ಕಾಲಿಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡೂ ಕಡೆ ಅರಿಶಿನ, ಬಾಳೆ, ಕಬ್ಬು, ಜೋಳ, ನಡುನಡುವೆ ಖಾಲಿ ಹೊಲ. ಮುಂಗಾರಿನ ಕಾಲಕ್ಕೆ ಬಂದರೆ ಸೂರ್ಯಕಾಂತಿ, ಚೆಂಡು ಹೂ. ಎಡಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು ಜೊತೆಗೇ ಬರುತ್ತದೆ. ಸುವರ್ಣಾವತಿ ಮತ್ತು ಚಿಕ್ಕಹೊಳೆ, ಈ ಅವಳಿ ಜಲಾಶಯಗಳು ಗಡಿಯ ಹತ್ತಿರವೇ ಇವೆ. ತುಂಬುವುದು ಅಪರೂಪ. 2022ರಲ್ಲಿ ತುಂಬಿದಾಗ ಸುವರ್ಣಾವತಿ ಕೆಳಗಿನ ಯಳಂದೂರು ತಾಲೂಕಿನ ಹಳ್ಳಿಗಳಿಗೆ ನುಗ್ಗಿತ್ತು. ಬೇರೆ ವರ್ಷಗಳಲ್ಲಿ ಏರಿಯ ಮೇಲೆ ನಿಂತರೆ ಕಾಣುವುದು ಹಿಂದೆ ಸರಿದ ನೀರು, ಅದು ಬಿಟ್ಟುಹೋದ ಹಸಿ ಮಣ್ಣಿನಲ್ಲಿ ಮೇಯುವ ದನ.

ಚಿಕ್ಕಹೊಳೆ ಚೆಕ್‌ಪೋಸ್ಟ್ ದಾಟಿದರೆ ತಾಳವಾಡಿಯ ತರಕಾರಿ ಸೀಮೆ. ಕೋಸು, ಟೊಮೆಟೊ, ಬೀಟ್‌ರೂಟ್, ಆಲೂಗಡ್ಡೆ, ಬೆಳ್ಳುಳ್ಳಿ. ಹೊಲದ ಅಂಚಿಗೆ ಸೋಲಾರ್ ಬೇಲಿ, ಕಾಡಿನ ಅಂಚಿಗೆ ಆನೆ ಕಂದಕ, ಮರದ ಮೇಲೆ ಕಾವಲಿನ ಅಟ್ಟಣೆ. ಒಂದೊಂದು ಕೋಸಿನ ಹಿಂದೆ ಎಷ್ಟು ರಾತ್ರಿಗಳ ನಿದ್ದೆಗೇಡು ಇದೆ ಎನ್ನುವುದನ್ನು ಈ ಮೂರನ್ನು ನೋಡಿಯೇ ತಿಳಿಯಬಹುದು. ಇಲ್ಲಿನ ಹಳ್ಳಿರಸ್ತೆಗಳು ಕಿರಿದು, ವಾಹನ ಕಡಿಮೆ, ಹಳ್ಳಿಯಿಂದ ಹಳ್ಳಿಗೆ ಎರಡು ಮೂರು ಕಿಲೋಮೀಟರ್. ಸೈಕಲ್ಲಿಗೆ ಇದಕ್ಕಿಂತ ಒಪ್ಪುವ ನೆಲ ನಾನು ಕಂಡಿಲ್ಲ. ತಾಳವಾಡಿಯಿಂದ ದೊಡ್ಡಗಾಜನೂರಿಗೆ ಹೋದರೆ ರಾಜಕುಮಾರ್ ಹುಟ್ಟಿ ಬೆಳೆದ ಗಾಜನೂರಿನ ನೆಲ. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ರಾಜಕುಮಾರ್ ಅವರನ್ನು ಅಪಹರಿಸಿದ್ದೂ ಇಲ್ಲಿಂದಲೇ. ಬಿಡುಗಡೆಗೆ 108 ದಿನ ಹಿಡಿಯಿತು. ಗುಮಟಾಪುರದಲ್ಲಿ ಬಲಿಪಾಡ್ಯಮಿಯ ಮರುದಿನ ಬೀರೇಶ್ವರನ ಸನ್ನಿಧಿಯಲ್ಲಿ ಗೊರೆಹಬ್ಬ. ಊರೆಲ್ಲ ಸೇರಿ ಸಗಣಿ ಎರಚಾಡುತ್ತಾರೆ. ಆ ದಿನ ಸೈಕಲ್ ಊರ ಹೊರಗೆ ನಿಲ್ಲಿಸಿ ನಡೆದು ಹೋಗುವುದು ಮೇಲು.

ಇಲ್ಲಿನ ಸವಾರಿಯ ಕಷ್ಟ ಏರಿನಲ್ಲಿಲ್ಲ, ಒಕ್ಕಣೆಯಲ್ಲಿದೆ. ಸುಗ್ಗಿಯ ಕಾಲಕ್ಕೆ ರಸ್ತೆಯೇ ಕಣ. ರಾಗಿ ತೆನೆಯಾದರೆ ಸರಿ, ಗಾಲಿ ಜಾರಿದರೂ ದಾಟಬಹುದು. ಹುರುಳಿ ಹಾಸಿದ್ದರೆ ಇಳಿದು ತಳ್ಳಲೇಬೇಕು. ಒಣಗಿದ ಹುರುಳಿಯ ಬಳ್ಳಿ ತಂತಿಯಂತೆ ಗಟ್ಟಿ. ಹಿಂದಿನ ಗಾಲಿಯ ಹಲ್ಲುಚಕ್ರಕ್ಕೆ ಸಿಕ್ಕಿಕೊಂಡು, ಚೈನು ತಿರುಗಿದಷ್ಟೂ ಒಳಗೆ ಸುತ್ತಿ, ಗೇರು ಬದಲಿಸುವ ಪುಟ್ಟ ಚಕ್ರಗಳ ನಡುವೆ ಹೊಕ್ಕು ಕೂರುತ್ತದೆ. ಬಿಡಿಸಲು ಗಾಲಿ ಕಳಚಿ, ಚೂರಿಯ ತುದಿಯಿಂದ ಎಳೆಎಳೆಯಾಗಿ ಕೊಯ್ಯಬೇಕು. ರಸ್ತೆಯಂಚಿನ ಮಣ್ಣಿಗೆ ಇಳಿಸೋಣ ಎಂದರೆ ನೆಗ್ಗಿಲು ಮುಳ್ಳು ಕಾದಿರುತ್ತದೆ. ಯಾವ ಕಡೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುವ ಮುಳ್ಳು ಅದು, ತೆಳು ಟೈರಿಗೆ ಕ್ಷಮೆ ಇಲ್ಲ. ಹಳ್ಳಿಯ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿಕೊಡುತ್ತಾರೆ, ಆದರೆ ಅಲ್ಲಿರುವುದು ಸಾದಾ ಸೈಕಲ್ಲಿನ 28 ಇಂಚಿನ ಟ್ಯೂಬು, ಅದರದೇ ವಾಲ್ವಿನ ಪಂಪು. ಸಪೂರ ಪ್ರೆಸ್ಟಾ ವಾಲ್ವಿನ ಸೈಕಲ್ ತಂದವರು ಅಡಾಪ್ಟರನ್ನೂ ಒಂದೆರಡು ಟ್ಯೂಬನ್ನೂ ಜೊತೆಗೇ ತರಬೇಕು.

ಆ ಶಾಪುಗಳು ಇನ್ನೂ ಬಾಗಿಲು ತೆರೆದಿರುವುದಕ್ಕೆ ಕಾರಣ ನಗರದ ಸವಾರರಲ್ಲ, ಶಾಲೆಯ ಮಕ್ಕಳು. ಕರ್ನಾಟಕ ಸರ್ಕಾರ 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಕೊರೊನಾ ಬಂದ ಮೇಲೆ ಅದು ನಿಂತುಹೋಯಿತು. ತಮಿಳುನಾಡು 11ನೇ ತರಗತಿಯವರಿಗೆ ಕೊಡುತ್ತಿದೆ. ಗಡಿಯ ಈ ಹಳ್ಳಿಗಳಲ್ಲಿ ಎರಡೂ ಸರ್ಕಾರಗಳ ಸೈಕಲ್ಲುಗಳು ಓಡಾಡಿವೆ. ಬೆಳಗಿನ ಎಂಟೂವರೆಗೆ ಶಾಲೆಯ ಕಡೆ ಹೊರಟ ಹೆಣ್ಣುಮಕ್ಕಳ ಗುಂಪನ್ನು ನೋಡಿದವರಿಗೆ ಸೈಕಲ್ ದಾರಿ ಮೊದಲು ಯಾರಿಗೆ ಬೇಕೆನ್ನುವುದು ತಾನಾಗಿ ಹೊಳೆಯುತ್ತದೆ. ಪ್ರವಾಸಿಗಾಗಿ ರಸ್ತೆಯ ಅಂಚು ಅಗಲ ಮಾಡುವುದಾದರೆ ಆ ಮಕ್ಕಳು ಹೋಗುವ ಐದಾರು ಕಿಲೋಮೀಟರಿನಿಂದಲೇ ಆರಂಭಿಸಬೇಕು.

ಇನ್ನು ದಿಂಬದ ಘಟ್ಟ. ಸವಾರರು ತಾಳವಾಡಿ ಸೀಮೆಯ ಹೆಸರು ಕೇಳುವುದೇ ಇದರಿಂದ. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948 ಪುಣಜನೂರಿನಲ್ಲಿ ಕರ್ನಾಟಕ ಬಿಟ್ಟು, ಕಾರೆಪಾಳ್ಯ, ಆಸನೂರು ದಾಟಿ ದಿಂಬದಿಂದ 27 ಹೇರ್‌ಪಿನ್ ತಿರುವುಗಳಲ್ಲಿ ಬಣ್ಣಾರಿಗೆ ಇಳಿಯುತ್ತದೆ. ಏಳೆಂಟು ನೂರು ಮೀಟರಿನ ವ್ಯತ್ಯಾಸ. ಕೆಳಗೆ ಬಣ್ಣಾರಿ ಮಾರಿಯಮ್ಮನ ಗುಡಿ, ಆಚೆ ಸತ್ಯಮಂಗಲ. ಅಲ್ಲಿಗೆ ಕನ್ನಡ ಮುಗಿಯಿತು ಎಂದುಕೊಳ್ಳಬೇಡಿ. ಸತ್ಯಮಂಗಲದ ದೇವಾಂಗದವರ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಕನ್ನಡ ಇದೆ.

ಘಟ್ಟದ ನೋಟ ದೊಡ್ಡದು, ಒಪ್ಪುತ್ತೇನೆ. ತಿರುವು ತಿರುವಿಗೂ ಬಯಲು ಕೆಳಗೆ ಹರಡಿಕೊಳ್ಳುತ್ತ ಹೋಗುತ್ತದೆ. ಆದರೆ ಇದು 1,400 ಚದರ ಕಿಲೋಮೀಟರಿಗೂ ಮಿಕ್ಕಿದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವಿನ ರಸ್ತೆ. ತಿರುವಿನ ತಡೆಗೋಡೆಯ ಮೇಲೆ ಚಿರತೆ ಕೂತಿರುವುದನ್ನು ಲಾರಿಯವರು ಎಷ್ಟೋ ಸಲ ಕಂಡಿದ್ದಾರೆ. ಮೇಲಿನ ಬಯಲಿನಿಂದ ಕೆಳಗಿನ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿಗಳದ್ದು ಇನ್ನೊಂದು ಕಥೆ. ಕಾರೆಪಾಳ್ಯದ ಚೆಕ್‌ಪೋಸ್ಟಿನಲ್ಲಿ ಎತ್ತರ ಅಳೆಯುವ ಕಬ್ಬಿಣದ ಅಡ್ಡೆ ಇದೆ; ಮಿತಿಮೀರಿ ಹೇರಿದ ಕಬ್ಬು ಅದಕ್ಕೆ ತಗುಲಿ ಉದುರುತ್ತದೆ. ಆನೆಗಳು ಅದನ್ನು ಕಲಿತುಬಿಟ್ಟಿವೆ. ಮರಿ ಸಮೇತ ರಸ್ತೆಗೆ ಬಂದು ನಿಂತು, ಲಾರಿಗೆ ಅಡ್ಡಗಟ್ಟಿ ಕಬ್ಬು ಎಳೆದು ತಿನ್ನುತ್ತವೆ. ಕಾರಿನವನಿಗೆ ಅದು ಕಿಟಕಿಯೊಳಗಿಂದ ತೆಗೆಯುವ ವಿಡಿಯೊ. ಸೈಕಲ್ಲಿನವನಿಗೆ ಕಿಟಕಿ ಇಲ್ಲ. ಪುಣಜನೂರಿನಲ್ಲಿ ಚಹಾದಂಗಡಿಯವರು, "ಆನ ನಿಂತದ ಕನಣ್ಣ, ಒಸಿ ತಡೀರಿ" ಎಂದರೆ ತಡೆಯಬೇಕು. ಎಷ್ಟು ಹೊತ್ತು ಎಂದು ಕೇಳುವುದು ಕೂಡ ತಪ್ಪು, ಅದು ಅವರ ಕೈಯಲ್ಲಿಲ್ಲ. ತರಕಾರಿ ಇಳಿಸಲು ಹೊರಟ ಪಿಕಪ್ ಗಾಡಿಗಳು ಈ ರಸ್ತೆಯಲ್ಲಿ ಧಾರಾಳ. ಕೇಳಿದರೆ ಸೈಕಲ್ ಹಾಕಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕಾಡಿನೊಳಗಿನ ಕೆರೆ ಬತ್ತಿ ಆನೆಗಳು ರಸ್ತೆಬದಿಗೆ ಬರುವ ತಿಂಗಳುಗಳಲ್ಲಂತೂ ಪುಣಜನೂರಿನಿಂದ ದಿಂಬದವರೆಗೆ ಪಿಕಪ್ ಹತ್ತುವುದೇ ಜಾಣತನ. ದಿಂಬದಿಂದ ತಲಮಲೆಯ ಮೇಲೆ ತಾಳವಾಡಿಗೆ ಬರುವ ಒಳದಾರಿಗೂ ಇದೇ ಮಾತು, ಇನ್ನೂ ಒತ್ತಿ ಹೇಳಬೇಕು. ಅದು ಪೂರ್ತಿ ಕಾಡಿನ ದಾರಿ.

ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿಯಿಂದ ದಿಂಬದ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬಂಡೀಪುರದಲ್ಲಿ 2009ರಿಂದಲೇ ಇದೆ. ತಾಳವಾಡಿಯ ರೈತರಿಗೆ ಇದರಿಂದ ತೊಂದರೆಯಾಯಿತು. ಬೆಳಗಿನ ಮಾರುಕಟ್ಟೆಗೆ ತರಕಾರಿ ಮುಟ್ಟಿಸುವುದು ಹೇಗೆ, ರಾತ್ರಿ ಹೆರಿಗೆನೋವು ಬಂದರೆ ಹೋಗುವುದು ಎಲ್ಲಿಗೆ ಎಂದು ಅವರು ಕೇಳಿದ್ದು ನ್ಯಾಯವೇ. ಮೋಜಿಗೆ ಬರುವ ಸವಾರನಿಗೆ ಮಾತ್ರ ಕೇಳಲು ಏನೂ ಇಲ್ಲ. 2023ರ ಏಪ್ರಿಲ್‌ನಲ್ಲಿ ಕರುಪ್ಪನ್ ಎಂದು ಹೆಸರಾದ ಒಂಟಿ ಸಲಗವನ್ನು ತಾಳವಾಡಿಯ ಹೊಲಗಳ ನಡುವೆ ಸಾಕಾನೆಗಳ ನೆರವಿನಿಂದ ಹಿಡಿದು ಸಾಗಿಸಿದರು, ಅಷ್ಟರಲ್ಲಿ ಅದು ಜೀವಗಳನ್ನು ತೆಗೆದಿತ್ತು. ಇಂಥ ಊರಿಗೆ ಹೋಗಿ ಮುಸ್ಸಂಜೆಯ ಮೇಲೆ ಪೆಡಲ್ ತುಳಿಯುವುದು ಊರವರ ದುಃಖಕ್ಕೆ ಇನ್ನೊಂದು ಹೊರೆ ಕಟ್ಟಿದ ಹಾಗೆ.

ಈ ಕಾರಣಕ್ಕೇ ದೂರ ಸವಾರಿಯ ಸಂಘಟಿತ ರೂಪಗಳು ಇಲ್ಲಿಗೆ ಹೊಂದುವುದಿಲ್ಲ ಎನ್ನುತ್ತೇನೆ. ಬ್ರೆವೆ ಎನ್ನುವ ಪದ್ಧತಿಯಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆಯ ಗಡುವು. ರಾತ್ರಿ ತುಳಿಯದೆ ದೊಡ್ಡ ದೂರಗಳು ಮುಗಿಯುವುದಿಲ್ಲ. 2008ರಿಂದ ನಡೆದು ಬಂದ ಟೂರ್ ಆಫ್ ನೀಲಗಿರಿಸ್ ಹಗಲು ಹಗಲೇ ಸಾಗುವ ಪ್ರವಾಸ, ಅದು ಮೇಲು. ಆದರೂ ನೂರು ಸವಾರರು ಒಟ್ಟಿಗೆ ಬಂದಾಗ ಹಳ್ಳಿ ಹಿಂದಕ್ಕೆ ಸರಿದು ನಿಲ್ಲುತ್ತದೆ. ತಾಳವಾಡಿಗೆ ಬೇಕಾದವರು ಮೂರು ನಾಲ್ಕು ಜನರ ಗುಂಪಾಗಿ ಬಂದು, ಕತ್ತಲಿಗೆ ಮೊದಲು ಯಾವುದಾದರೂ ಜಗಲಿಯಲ್ಲಿ ಕೂರುವವರು.

ನದಿ ಕಣಿವೆ ಎಂಬ ಮಾತಿಗೆ ಸರಿಯಾಗಿ ಹೊಂದುವುದು ಮೋಯಾರ್. ನೀಲಗಿರಿಯ ಗೋಡೆ ಒಂದು ಕಡೆ, ತಲಮಲೆಯ ಗೋಡೆ ಇನ್ನೊಂದು ಕಡೆ, ನಡುವೆ ಹೊಳೆ. ದಡದ ಹೊಳೆಮತ್ತಿ ಮರಗಳ ಮೇಲೆ ಬಿಳಿಬೆನ್ನಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಮದ್ದಿನಿಂದ ದೇಶದೆಲ್ಲೆಡೆ ರಣಹದ್ದು ಸತ್ತು, 2006ರಲ್ಲಿ ಆ ಮದ್ದನ್ನು ನಿಷೇಧಿಸಿದ ಮೇಲೂ ದಕ್ಷಿಣದಲ್ಲಿ ಅವು ಹೇಳಿಕೊಳ್ಳುವಷ್ಟು ಉಳಿದಿರುವುದು ಇಲ್ಲಿ. ಈ ಕಣಿವೆಯಿಂದ ಮೇಲಿನ ಮೈಸೂರು ನೆಲಕ್ಕೆ ಹತ್ತುವ ಗಜ್ಜಲಹಟ್ಟಿ ಕಣಿವೆ ಹಿಂದೆ ದಂಡಿನ ದಾರಿ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಇದೇ ದಾರಿಯಲ್ಲಿ ಸೈನ್ಯ ಇಳಿಸಿ ಸತ್ಯಮಂಗಲದ ಬಳಿ ಇಂಗ್ಲಿಷರ ಮೇಲೆ ಬಿದ್ದ. ಕೆಳಗೆ ಕಾವಲಿಗಿದ್ದ ದಣ್ಣಾಯಕನ ಕೋಟೆ 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಕಣಿವೆಯೊಳಗೆ ತೆಂಗುಮರಹಾಡ ಎಂಬ ಒಂಟಿ ಊರು. ಅಲ್ಲಿಗೆ ಕಾಡಿನ ಮಣ್ಣುದಾರಿಯಲ್ಲಿ ಹೋಗಿ, ಹೊಳೆಯನ್ನು ಹರಿಗೋಲಿನಲ್ಲಿ ದಾಟಬೇಕು.

ಚರಿತ್ರೆ, ಹಕ್ಕಿ, ಹೊಳೆ, ಬೆಟ್ಟ, ಹರಿಗೋಲು. ಪ್ರವಾಸದ ಪುಸ್ತಕ ಬರೆಯುವವರಿಗೆ ಇದಕ್ಕಿಂತ ಏನು ಬೇಕು? ಆದರೆ ಈ ಕಣಿವೆಗೆ ಸೈಕಲ್ ದಾರಿ ಬೇಡವೇ ಬೇಡ. ಅನುಮತಿ ಇಲ್ಲದೆ ಹೊರಗಿನವರು ಹೋಗುವಂತಿಲ್ಲ ಎನ್ನುವ ನಿಯಮವಿದೆ. ನಿಯಮ ಇಲ್ಲದಿದ್ದರೂ ನನ್ನ ಮಾತು ಇದೇ. ನೀಲಗಿರಿಯ ಕಾಡಿಗೂ ಬಿಳಿಗಿರಿಯ ಕಾಡಿಗೂ ನಡುವೆ ಆನೆ ನಡೆದಾಡಲು ಉಳಿದ ಹಾದಿ ಇದು. ಸೈಕಲ್ಲಿಗೆ ಸದ್ದಿಲ್ಲ, ಹೊಗೆಯಿಲ್ಲ, ಆದ್ದರಿಂದ ಕಾಡಿಗೆ ಹಾನಿಯಿಲ್ಲ ಎನ್ನುವವರಿದ್ದಾರೆ. ಸದ್ದಿಲ್ಲದಿರುವುದೇ ಅಪಾಯ. ತಿರುವಿನಲ್ಲಿ ಸದ್ದಿಲ್ಲದೆ ಎದುರಾದ ಮನುಷ್ಯನನ್ನು ಮರಿಯಿರುವ ಹೆಣ್ಣಾನೆ ಸಹಿಸುವುದಿಲ್ಲ.

ಆಸನೂರಿನ ಬಳಿ ಅರೆಪಾಳ್ಯದಲ್ಲಿ ಎಡಕ್ಕೆ ಹೊರಳಿ ಕೇರ್ಮಾಳದ ಮೇಲೆ ಒಡೆಯರಪಾಳ್ಯಕ್ಕೆ, ಅಲ್ಲಿಯ ಟಿಬೆಟನ್ ಶಿಬಿರ ದಾಟಿ ಹನೂರು, ಕೊಳ್ಳೇಗಾಲದ ಕಡೆಗೆ ಇನ್ನೊಂದು ರಸ್ತೆ ಇದೆ. ಸೋಲಿಗರ ಹಾಡಿಗಳ ದಾರಿ, ಚೆಲುವಾದ ದಾರಿ, ಅದೂ ಆನೆಯ ದಾರಿಯೇ. ಅಂತಿಯೂರಿನಿಂದ ಬರಗೂರು ಬೆಟ್ಟ ಹತ್ತಿ ರಾಮಾಪುರಕ್ಕೆ ಬರುವುದು ಬರಗೂರು ದನಗಳ ಸೀಮೆ, ಕನ್ನಡ ಲಿಂಗಾಯತರ ಹಳ್ಳಿಗಳು. ಏರು ಜಾಸ್ತಿ, ಊಟ ಕಮ್ಮಿ. ಕಾಲಿನಲ್ಲಿ ಕಸುವಿದ್ದವರಿಗೆ ಮಾತ್ರ.

ಯುರೋಪಿನ ಕುದುರೆಹಾದಿಗೆ ನಿಜವಾಗಿ ಸಮನಾದದ್ದು ನಮ್ಮಲ್ಲಿ ನಾಲೆಯ ಏರಿ. ಭವಾನಿಸಾಗರದಿಂದ ಹೊರಡುವ ಕೆಳಭವಾನಿ ನಾಲೆ ಸುಮಾರು 200 ಕಿಲೋಮೀಟರ್ ಉದ್ದ, 2.07 ಲಕ್ಷ ಎಕರೆಗೆ ನೀರು. ಅಣೆಕಟ್ಟಿನಿಂದ ಕೆಳಗೆ, ಗೋಬಿಚೆಟ್ಟಿಪಾಳ್ಯದ, ಅಂದರೆ ಗೋಬಿಯ, ಬಳಿ ಕೊಡಿವೇರಿ ಅಣೆಯಿಂದ ಹೊರಡುವ ಹಳೆಯ ಕಾಲುವೆಗಳು ಬೇರೆ. ಏರಿಯ ಮೇಲೆ ನೆಲ ಮಟ್ಟಸ, ಒಂದು ಮಗ್ಗುಲಲ್ಲಿ ಹರಿಯುವ ನೀರು, ಇನ್ನೊಂದು ಮಗ್ಗುಲಲ್ಲಿ ಭತ್ತ, ಬಾಳೆ, ಅರಿಶಿನ, ತೆಂಗು. ಲಾರಿ ಬರುವುದಿಲ್ಲ. ಎಲ್ಲೆಡೆ ಡಾಂಬರಿಲ್ಲ, ಬೇಕಾಗಿಯೂ ಇಲ್ಲ. ಅಗಲ ಟೈರಿದ್ದರೆ ಒಣಗಾಲದಲ್ಲಿ ಗಟ್ಟಿ ಮಣ್ಣು ಡಾಂಬರಿನಷ್ಟೇ ಹಿತ. ಹಣ ಖರ್ಚು ಮಾಡಿ ಸೈಕಲ್ ದಾರಿ ಮಾಡುವ ಮನಸ್ಸು ಸರ್ಕಾರಗಳಿಗೆ ಇದ್ದರೆ ಮಾಡಬೇಕಾದ ಜಾಗ ಇದು. ಈಗಾಗಲೇ ಇರುವ ಏರಿ, ನೀರಾವರಿ ಇಲಾಖೆಯ ಜಾಗ, ಹೊಸದಾಗಿ ಮರ ಕಡಿಯುವ ಅಗತ್ಯವಿಲ್ಲ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಏರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಮೊದಲು ತಡೆಗೋಡೆ ಬೇಕು.

ಮೊದಲಿಗೆ ಹೇಳಿದ ಎರಡು ನೀರಿನ ಜಾಡು ಹಿಡಿದು ಒಂದು ದೊಡ್ಡ ಸುತ್ತು ಹಾಕಬಹುದು, ಸುಮಾರು 350 ಕಿಲೋಮೀಟರ್. ಚಾಮರಾಜನಗರದಿಂದ ಸುವರ್ಣಾವತಿಯ ಕೆಳದಂಡೆಯ ಸೀಮೆಯಲ್ಲಿ ಯಳಂದೂರಿಗೆ. ಅಲ್ಲಿ ಗೌರೀಶ್ವರ ಗುಡಿಯ ಬಳೇಮಂಟಪದ ಕಲ್ಲಿನ ಸರಪಣಿಗಳನ್ನು ನೋಡಿಕೊಂಡು ಕೊಳ್ಳೇಗಾಲ, ಹನೂರು. ಅಲ್ಲಿಂದ ಮುಂದೆ ತಾಳುಬೆಟ್ಟ ಹತ್ತಿ ಮಲೆ ಮಹದೇಶ್ವರ ಬೆಟ್ಟ. ಈ ದಾರಿಯಲ್ಲಿ ಸೈಕಲ್ಲಿನವರು ಹೊಸಬರು. ಯುಗಾದಿಗೆ, ಶಿವರಾತ್ರಿಗೆ, ದೀಪಾವಳಿಗೆ ಸೀಮೆಸೀಮೆಯ ಒಕ್ಕಲು ಬರಿಗಾಲಲ್ಲಿ ನಡೆದು ಬಂದ ಹಾದಿ ಇದು. ದಾರಿಹೋಕರಿಗೆ ನೀರು ಮಜ್ಜಿಗೆ ಕೊಟ್ಟು ಕೂರಿಸುವ ರೂಢಿ ಇಲ್ಲಿ ಆಗಲೇ ಇದೆ, ಸೈಕಲ್ಲಿನವರಿಗೂ ಅದರಲ್ಲಿ ಪಾಲು ಸಿಗುತ್ತದೆ. ಬೆಟ್ಟದಿಂದ ಪಾಲಾರಿಗೆ ಇಳಿದು ಮೆಟ್ಟೂರು ಜಲಾಶಯದ ಅಂಚಿನಲ್ಲಿ ಮೆಟ್ಟೂರು, ಕಾವೇರಿಯ ದಂಡೆಯಲ್ಲಿ ಭವಾನಿ. 1993ರಲ್ಲಿ ವೀರಪ್ಪನ್ ತಂಡದ ನೆಲಬಾಂಬಿಗೆ 22 ಜನ ಬಲಿಯಾದದ್ದು ಇದೇ ಪಾಲಾರಿನ ಬಳಿ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ ಮೇಲಷ್ಟೇ ಈ ಕಾಡಂಚಿನ ರಸ್ತೆಗಳಲ್ಲಿ ಜನ ಸುಮ್ಮನೆ ಸುತ್ತಾಡಲು ಬರತೊಡಗಿದ್ದು. ಭವಾನಿಯಿಂದ ನಾಲೆ, ಕಾಲುವೆಗಳ ಗುಂಟ ಗೋಬಿ, ಸತ್ಯಮಂಗಲ. ಕೊನೆಗೆ ದಿಂಬ.

ಈ ಸುತ್ತನ್ನು ಇದೇ ದಿಕ್ಕಿನಲ್ಲಿ ಹಾಕಬೇಕು. ದಿಂಬವನ್ನು ಇಳಿಯುವುದಕ್ಕಿಂತ ಹತ್ತುವುದು ಕ್ಷೇಮ. ಸಾಮಾನು ಹೇರಿದ ಸೈಕಲ್ಲನ್ನು 27 ತಿರುವುಗಳಲ್ಲಿ ಹಿಡಿದಿಡಲು ಹೋದರೆ ರಿಮ್ ಬ್ರೇಕು ಕಾದು ಹಿಡಿತ ಬಿಡುತ್ತದೆ, ತಿರುವಿನ ಪೂರ್ತಿ ಅಗಲ ಬಳಸಿ ಬರುವ ಲಾರಿಗೆ ಇಳಿಯುವವರು ಕಾಣುವುದೂ ತಡ. ಹತ್ತುವವರು ಕಾಲೂರಿ ನಿಲ್ಲಬಲ್ಲರು. ಕಾಲ ಕಾರ್ತಿಕ ಕಳೆದ ಮೇಲಿಂದ ಸಂಕ್ರಾಂತಿಯವರೆಗೆ. ಅದಕ್ಕೆ ಮೊದಲು ಹಿಂಗಾರು ಮಳೆ, ಆಮೇಲೆ ಕಾಡ್ಗಿಚ್ಚಿನ ದಿನಗಳು, ಆಷಾಢದಲ್ಲಿ ತಾಳವಾಡಿಯ ಬಯಲಿನಲ್ಲಿ ಪಡುವಣ ಗಾಳಿ ಮಗ್ಗುಲಿಗೆ ಬಡಿದು ಸೈಕಲ್ಲನ್ನು ರಸ್ತೆಯ ನಡುವಿಗೆ ತಳ್ಳುತ್ತದೆ.

ಐದು ದಿನ ಇಟ್ಟುಕೊಂಡರೆ ಯಾವ ದಿನವೂ ಕತ್ತಲೆಗೆ ಸಿಕ್ಕುವುದಿಲ್ಲ. ಉಳಿಯಲು ಕೊಳ್ಳೇಗಾಲ, ಮಹದೇಶ್ವರ ಬೆಟ್ಟ, ಭವಾನಿ, ಸತ್ಯಮಂಗಲದಲ್ಲಿ ಜಾಗವಿದೆ. ಕೊರತೆ ಇರುವುದು ತಾಳವಾಡಿಯಲ್ಲೇ. ಆಸನೂರಿನಲ್ಲಿ ಕಾಡಿನಂಚಿಗೆ ರೆಸಾರ್ಟುಗಳು ಬಂದಿವೆ, ಅಲ್ಲಿ ಕೊಟ್ಟ ಹಣ ಕೋಸು ಬೆಳೆದವರ ಮನೆಗೆ ಬರುವುದಿಲ್ಲ. ತಾಳವಾಡಿಯ ಹಳ್ಳಿಗಳಲ್ಲಿ ನಾಲ್ಕು ರೈತರ ಮನೆಯ ಮುಂದಿನ ಕೋಣೆ, ಮಹಿಳಾ ಸಂಘದವರ ರಾಗಿಮುದ್ದೆ ಸೊಪ್ಪಿನ ಸಾರಿನ ಊಟ, ಪಕ್ಕದ ಸೈಕಲ್ ಶಾಪಿನಲ್ಲಿ ಎರಡು ಬಗೆಯ ಟ್ಯೂಬು, ಚೆಕ್‌ಪೋಸ್ಟುಗಳಲ್ಲಿ ಕನ್ನಡ ತಮಿಳು ಎರಡರಲ್ಲೂ ಆ ದಿನದ ಆನೆಯ ಸುದ್ದಿ ಬರೆದ ಹಲಗೆ: ಇಷ್ಟಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಎರಡು ಜಿಲ್ಲೆಗಳ ಅಧಿಕಾರಿಗಳು ಚಿಕ್ಕಹೊಳೆಯ ಚೆಕ್‌ಪೋಸ್ಟಿನಲ್ಲಿ ಒಂದು ಬೆಳಗ್ಗೆ ಕೂತು ಮಾತಾಡಿದರೆ ಆಗುವ ಕೆಲಸ. ಕೊನೆಯ ದಿನ ಬಣ್ಣಾರಿಯನ್ನು ಏಳೂವರೆಗೆ ಮುಂಚೆ ಬಿಡಬೇಡಿ, ಆನೆಗಳು ರಸ್ತೆ ಬಿಟ್ಟು ಒಳಗೆ ಸರಿಯಲಿ. ದಿಂಬದಲ್ಲಿ ಚಹಾ, ಆಸನೂರಿನಲ್ಲಿ ಊಟ. ಮಧ್ಯಾಹ್ನ ಮೂರರೊಳಗೆ ಪುಣಜನೂರು ದಾಟಿರಿ.